ಬೆನ್ನುಹುರಿ ಪೆಟ್ಟು: ವಾರ್ಡಿನಲ್ಲಿ ರಾತ್ರಿಯಾದರೆ ಗಾಬರಿ, ಏನು ಮಾಡುವುದು?

ಪ್ರಶ್ನೆ
ತಮ್ಮನಿಗೆ ಸಿ5 ಮಟ್ಟದ (ಕುತ್ತಿಗೆ ಭಾಗದ ಬೆನ್ನುಹುರಿಯ) ಪೆಟ್ಟು. ಆಪರೇಷನ್ ಆಗಿದೆ, ಕುತ್ತಿಗೆಗೆ ಕಾಲರ್ ಇದೆ. ಪಕ್ಕದಿಂದ ಯಾರಾದರೂ ಎದ್ದರೆ ಸಾಕು, ಗಾಬರಿಯಾಗುತ್ತಾನೆ. ಧೈರ್ಯ ಹೇಳಿದರೆ ಸಿಟ್ಟು. ನಿದ್ದೆ ಮಾತ್ರೆ ಬಿಟ್ಟು ಬೇರೆ ದಾರಿ ಇದೆಯೇ?

ನ್ಯೂರೋ ವಾರ್ಡ್ ನರ್ಸ್
ಮೊದಲು ಸಿಸ್ಟರನ್ನು ಕರೆಯುವ ಬೆಲ್ ನೋಡಿ. ಸಿ5ರಲ್ಲಿ ಭುಜ ಎತ್ತಬಹುದು, ಮೊಣಕೈ ಮಡಚಬಹುದು, ಬೆರಳು ಆಡುವುದಿಲ್ಲ. ಮಂಚಕ್ಕೆ ನೇತುಹಾಕಿದ ಸಣ್ಣ ಬಟನ್ ಇದ್ದೂ ಇಲ್ಲದಂತೆ. ಕೂಗೋಣವೆಂದರೆ ಪಕ್ಕೆ, ಹೊಟ್ಟೆಯ ಸ್ನಾಯುಗಳಲ್ಲಿ ಕಸುವಿಲ್ಲ, ದನಿ ಬಾಗಿಲು ದಾಟದು. ಅವರ ಭಯ ಸುಮ್ಮನೆ ಬಂದದ್ದಲ್ಲ. ಮೆತ್ತಗೆ ತಾಗಿದರೂ ಕೆಲಸ ಮಾಡುವ ಅಗಲ ಪ್ಯಾಡ್ ಸ್ವಿಚ್ ಕೇಳಿ, ಮೊಣಕೈ ಪಕ್ಕದಲ್ಲಿಡಿ. ಮೊಣಕೈ ಅಡಿಗೆ ಇಟ್ಟರೆ ಒತ್ತುಹುಣ್ಣಾದೀತು. ಕಾಲರ್ ಇರುವಷ್ಟು ದಿನ ಕೆನ್ನೆಯಿಂದ ಒತ್ತಿಸಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಸ್ವಿಚ್ ಹಳೆಯ ಕಡೆಯೇ ಉಳಿದುಬಿಡುತ್ತದೆ, ಎಡವಟ್ಟಾಗುವುದು ಅಲ್ಲೇ. ಪ್ರತಿ ಸಲವೂ ಅವರೇ ಒಮ್ಮೆ ಒತ್ತಲಿ, ಸದ್ದು ಕೇಳಿದ ಮೇಲೆ ನೀವು ಕದಲಿ.

ಪ್ರಶ್ನೆ ಕೇಳಿದವರು
ವಾರ್ಡಿನಲ್ಲಿ ಅಂಥ ಸ್ವಿಚ್ ಇಲ್ಲ ಎನ್ನುತ್ತಿದ್ದಾರೆ.

ನ್ಯೂರೋ ವಾರ್ಡ್ ನರ್ಸ್
ಮನೆಗೆ ಹಾಕುವ ವೈರ್‌ಲೆಸ್ ಕಾಲಿಂಗ್ ಬೆಲ್ ತನ್ನಿ. ಬಟನ್ ಮೇಲೆ ಅಂಗೈಯಗಲದ ತೆಳು ಹಲಗೆ ಅಂಟಿಸಿದರೆ ಮೊಣಕೈಗೆ ಸಿಗುತ್ತದೆ. ಸದ್ದು ಮಾಡುವ ಪೆಟ್ಟಿಗೆಯನ್ನು ಸಿಸ್ಟರ್ ಮೇಜಿನ ಮೇಲಿಡಲು ಅನುಮತಿ ಕೇಳಿ.

ಫಿಸಿಯೋಥೆರಪಿಸ್ಟ್
ಸ್ಪರ್ಶ ತಿಳಿಯದ ಮೈಯನ್ನು ಹೇಳದೆ ಮುಟ್ಟಬೇಡಿ. ಮುಖ ಕಾಣುವಲ್ಲಿ ನಿಂತು, "ಕ್ಯಾತಿಟರ್ (ಮೂತ್ರದ ಪೈಪು) ನೋಡ್ತೀನಿ, ಬಲಗಾಲು ಎತ್ತುತೀನಿ" ಅಂತ ಹೇಳಿ ಶುರುಮಾಡಿ. ಹೊರಳಿಸುವಾಗ ತಲೆ ಹಿಡಿದವರೇ ಒಂದು, ಎರಡು, ಮೂರು ಎಂದು ಎಣಿಸಬೇಕು, ಮಲಗಿದವರಿಗೂ ಕೇಳುವಂತೆ. ಮಲಗಿದವರಿಗೆ ಕಾಣುವುದು ಸೂರು ಮಾತ್ರ. ಬಾಗಿಲು ಕಾಣುವಂತೆ ಒಂದು ಕನ್ನಡಿ, ಕಣ್ಣಳತೆಯಲ್ಲಿ ಒಂದು ಗಡಿಯಾರ ಇರಲಿ. ಮಲವಿಸರ್ಜನೆ ಮಾಡಿಸುವುದು ಯಾರೆಂದು ಅವರನ್ನೇ ಕೇಳಿ. ಅಮ್ಮನೋ ತಂಗಿಯೋ ಬೇಡವೆಂದರೆ ಬೇಡ. ಪರದೆ ಪೂರ್ತಿ ಎಳೆಯಿರಿ.

ಪುನರ್ವಸತಿ ವೈದ್ಯರು
ಒಂದು ಎಚ್ಚರಿಕೆ. ಟಿ6 (ಎದೆ ಭಾಗದ ಬೆನ್ನುಹುರಿ) ಅಥವಾ ಅದಕ್ಕಿಂತ ಮೇಲಿನ ಪೆಟ್ಟಿನಲ್ಲಿ ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಬೆವರು, ಜೊತೆಗೆ ಬಿಪಿ ಮಾಮೂಲಿಗಿಂತ 20ರಿಂದ 40 ಏರಿದರೆ ಅದನ್ನು ಗಾಬರಿ ಎಂದು ತಳ್ಳಿಹಾಕಬಾರದು. ಅದು ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ, ಅಂದರೆ ಪೆಟ್ಟಿನ ಕೆಳಗಿನ ಮೈಯಲ್ಲಿ ಏನೋ ಕೆಣಕಿ ಬಿಪಿ ಒಮ್ಮೆಲೇ ಏರುವ ತುರ್ತು ಸ್ಥಿತಿ. ಇವರ ಮಾಮೂಲಿ ಮೇಲಿನ ಬಿಪಿಯೇ 90–110 ಇರಬಹುದು, ಹಾಗಾಗಿ 140 ಕೂಡ ಜಾಸ್ತಿಯೇ. ಕೂಡಲೇ ಸಿಸ್ಟರನ್ನು ಕರೆದು ತಲೆಭಾಗ ಎತ್ತಿಸಿ (ಬೆನ್ನು ಬಗ್ಗಿಸಬಾರದೆಂದು ಸರ್ಜನ್ ಹೇಳಿದ್ದರೆ ಇಡೀ ಮಂಚವನ್ನೇ ಓರೆಮಾಡಬೇಕು), ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ಪೈಪು ಮಡಚಿದೆಯೇ ನೋಡಿ. ಮೂತ್ರ ಕಟ್ಟಿಕೊಂಡಿರುವುದೇ ಸಾಮಾನ್ಯ ಕಾರಣ, ಆಮೇಲೆ ಮಲಬದ್ಧತೆ.

ಇದಾವುದೂ ಅಲ್ಲದೆ ನಿದ್ದೆ ಬರದಿದ್ದರೆ, ಅಪಘಾತವೇ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದ್ದರೆ, ಮನೋವೈದ್ಯರನ್ನು ವಾರ್ಡಿಗೇ ಕರೆಸಲು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.