ಈಜು, ಸರ್ಫಿಂಗ್, ವಿಶ್ರಾಂತಿ: ಮೂರಕ್ಕೂ ಆಗುವ ದ್ವೀಪ ಯಾವುದು?

ಅಡಿಕೆತೋಟ_ಬದಿಯಡ್ಕ

ಐದು ಜನ ಹೊರಟಿದ್ದೇವೆ: ನಾವಿಬ್ಬರು, ಹತ್ತು ವರ್ಷದ ಮಗಳು, ಅತ್ತೆ, ಮೈದುನ. ಮಗಳಿಗೆ ಕೆರೆಯಲ್ಲಿ ಈಜು ಬರುತ್ತದೆ, ಕಡಲು ಹೊಸತು. ಮೈದುನ ಮುಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುತ್ತಿದ್ದಾನೆ. ಒಡೆದು ನೊರೆಯಾದ ತೆರೆಯ ಮೇಲೆ ಎದ್ದು ನಿಲ್ಲುತ್ತಾನೆ, ಒಡೆಯದ ತೆರೆ ಇನ್ನೂ ಹಿಡಿದಿಲ್ಲ. ಅತ್ತೆಗೆ ಮೊಣಕಾಲು ನೋವು, ನೆರಳಲ್ಲಿ ಕೂತು ಕಡಲು ನೋಡಿದರೆ ಸಾಕು. ರಜೆ ಎಂದರೆ ಶಾಲೆಯದ್ದೇ: ಓಣಂ, ಕ್ರಿಸ್ಮಸ್, ಇಲ್ಲವೇ ಏಪ್ರಿಲ್–ಮೇ. ಏಳೆಂಟು ದಿನ ಸಿಗುತ್ತದೆ. ಲಕ್ಷದ್ವೀಪ, ಅಂಡಮಾನ್, ಶ್ರೀಲಂಕಾ, ಮಾಲ್ಡೀವ್ಸ್ ನಾಲ್ಕೂ ತಲೆಯಲ್ಲಿವೆ. ಮೂರೂ ಒಂದೇ ಕಡೆ ಆಗುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಶಿರಿಯ_ಅಳಿವೆ

ದ್ವೀಪ ಆಮೇಲೆ ಅಕ್ಕ, ಮೊದಲು ತಿಂಗಳು ನಿಶ್ಚಯ ಮಾಡಿ. ಒಂದೇ ದ್ವೀಪದ ಪಡುಬದಿ, ಮೂಡುಬದಿಗಳಿಗೆ ಒಂದೇ ದಿನ ಬೇರೆ ಬೇರೆ ಕಡಲು ಇರುತ್ತದೆ. "ಆ ದ್ವೀಪ ಚಂದ" ಎಂಬ ಮಾತು ಯಾವ ತಿಂಗಳಿಗೆ, ಯಾವ ಬದಿಗೆ ಎಂದು ಕೇಳದೆ ಟಿಕೆಟ್ ತೆಗೆಯಬೇಡಿ.

ಓಣಂ ರಜೆಯಲ್ಲಿ ಮಳೆಗಾಲದ ಗಾಳಿ ಇನ್ನೂ ಪಡುವಣದಿಂದಲೇ ಬೀಸುತ್ತಿರುತ್ತದೆ. ಬೇಕಲದಿಂದ ಮಂಜೇಶ್ವರದವರೆಗೆ ನಮ್ಮ ಕಡಲು ಹೇಗಿರುತ್ತದೆಂದು ನಿಮಗೆ ಗೊತ್ತು. ಲಕ್ಷದ್ವೀಪದ ಹೊರಗಡಲೂ ಅಂಡಮಾನಿನ ಪಡುಬದಿಯೂ ಆಗ ಹಾಗೆಯೇ. ಆದರೆ ಶ್ರೀಲಂಕಾದ ಮೂಡು ಕರಾವಳಿ ಆಗ ಒಣಗಿರುತ್ತದೆ. ನಡುವಿನ ಗುಡ್ಡಗಳು ಮಳೆಯನ್ನು ಪಡುಬದಿಯಲ್ಲೇ ಇಳಿಸಿಕೊಳ್ಳುತ್ತವೆ, ನಮ್ಮ ಘಟ್ಟ ಮಾಡುವ ಕೆಲಸವೇ. ಸರ್ಫಿಂಗ್‌ಗೆ ಹೆಸರಾದ ಅರುಗಂ ಬೇ ಆ ಬದಿಯಲ್ಲಿದೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಅದರ ಕಾಲ. ಮಗುವಿಗೆ ಬಟ್ಟಿಕಲೋವಾದ ಉತ್ತರಕ್ಕಿರುವ ಪಾಸಿಕುಡ. ಬಹಳ ದೂರ ನಡೆದು ಹೋದರೂ ನೀರು ಸೊಂಟ ದಾಟುವುದಿಲ್ಲ. ಎರಡರ ನಡುವೆ ಕಾರಿನಲ್ಲಿ ಮೂರು ಗಂಟೆಯ ದಾರಿ. ಕೊಲಂಬೋದಿಂದ ಅರುಗಂ ಬೇಗೆ ಏಳೆಂಟು ಗಂಟೆ ಹಿಡಿಯುತ್ತದೆ, ಅತ್ತೆಯ ಮೊಣಕಾಲಿಗೆ ಅದೇ ಕಷ್ಟ.

ಕ್ರಿಸ್ಮಸ್ ರಜೆಗೆ ಇದರ ತದ್ವಿರುದ್ಧ. ಗಾಳಿ ಈಶಾನ್ಯದ್ದು. ಲಕ್ಷದ್ವೀಪ ಶಾಂತ, ಅಂಡಮಾನಿನ ಪಡುಬದಿ ಶಾಂತ, ಶ್ರೀಲಂಕಾದ ನೈಋತ್ಯ ಮತ್ತು ದಕ್ಷಿಣ ತೀರ ಚೆನ್ನಾಗಿರುತ್ತದೆ, ಮೂಡುಬದಿಗೆ ಮಳೆ. ಏಪ್ರಿಲ್–ಮೇಯಲ್ಲಿ ದಕ್ಷಿಣದ ಮಹಾಸಾಗರದಿಂದ ದೊಡ್ಡ ತೆರೆ ಬರತೊಡಗುತ್ತದೆ. ಸರ್ಫಿಂಗ್ ಬಲ್ಲವರಿಗೆ ಹಬ್ಬ, ಮಕ್ಕಳಿಗೆ ಅಷ್ಟು ಒಳ್ಳೆಯದಲ್ಲ. ಮೇ ಅರ್ಧ ದಾಟಿದ ಮೇಲೆ ಶ್ರೀಲಂಕಾದ ಮೂಡುಬದಿ ಬಿಟ್ಟು ಎಲ್ಲಿಗೂ ಬೇಡ.

ಹವಳದಿಬ್ಬ

ಲಕ್ಷದ್ವೀಪದ ಬಗ್ಗೆ ಹೇಳುತ್ತೇನೆ. 1956ರ ನವೆಂಬರ್ 1ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಲ್ಲ ನಮ್ಮ ಕಾಸರಗೋಡಿನ ಜೊತೆಗೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಕಚೇರಿ ಕೆಲಸಕ್ಕೆ ಅಲ್ಲಿಯವರು ಮಂಗಳೂರಿಗೇ ಬರಬೇಕಿತ್ತು. ಇವತ್ತು ನಾವು ಅಲ್ಲಿಗೆ ಹೋಗಲು ಹೆಚ್ಚಾಗಿ ಕೊಚ್ಚಿಯ ದಾರಿಯನ್ನೇ ಹಿಡಿಯಬೇಕು. ವಂದೇ ಭಾರತ್‌ನಲ್ಲಿ ಕಾಸರಗೋಡಿನಿಂದ ಎರ್ನಾಕುಳಂಗೆ ಸುಮಾರು ಐದು ಗಂಟೆ, ಅಲ್ಲಿಂದ ಅಗತ್ತಿಗೆ ಸಣ್ಣ ವಿಮಾನದಲ್ಲಿ ಒಂದೂವರೆ ಗಂಟೆ, ಇಲ್ಲವೇ ಹಡಗು.

ಹಡಗಿನಲ್ಲಿ ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಹೆಚ್ಚಿನ ದ್ವೀಪಗಳಲ್ಲಿ ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ದೋಣಿ ತೆರೆಯೊಂದಿಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅದು ಮೇಲೆ ಬಂದ ಕ್ಷಣ ಕಾಲಿಡಬೇಕು, ಒಂದು ಕ್ಷಣ ತಡವಾದರೆ ಎರಡಡಿ ಕೆಳಗೆ ಹೋಗಿರುತ್ತದೆ. ದೋಣಿಯವರು ತೋಳು ಹಿಡಿದು ಇಳಿಸುತ್ತಾರೆ, ಆದರೂ ಮೊಣಕಾಲು ನೋವಿರುವವರಿಗೆ ಇದು ಬೇಡ. ಅತ್ತೆಯವರು ಬರುವುದಾದರೆ ಅಗತ್ತಿಗೆ ವಿಮಾನವೇ ಸರಿ.

ಈಜಲು ಲಗೂನಿನಂಥ ಜಾಗ ಇನ್ನೊಂದಿಲ್ಲ. ದ್ವೀಪದ ಪಡುಬದಿಯಲ್ಲಿ ಹವಳದ ದಿಬ್ಬ ಗೋಡೆಯಂತೆ ನಿಂತು ತೆರೆಯನ್ನು ಅಲ್ಲೇ ಒಡೆಯುತ್ತದೆ. ಒಳಗೆ ಬಿಳಿ ಹೊಯಿಗೆ, ತಿಳಿನೀರು, ತೀರದ ಬಳಿ ಸೊಂಟದಿಂದ ಕುತ್ತಿಗೆಯವರೆಗೆ ಆಳ. ಅಗತ್ತಿ, ಕವರತ್ತಿ, ಕಡಮತ್, ಬಂಗಾರಂ ಎಲ್ಲಕ್ಕೂ ಒಳ್ಳೆಯ ಲಗೂನ್ ಇದೆ. ಆಂದ್ರೋತ್ತ್‌ಗೆ ಇಲ್ಲವೆನ್ನುವಷ್ಟು ಕಡಿಮೆ, ಅದು ಈಜಲು ಹೋಗುವ ದ್ವೀಪವಲ್ಲ. ಮೂಡುಬದಿಗಳಲ್ಲಿ ಸತ್ತ ಹವಳದ ಚೂರು ರಾಶಿ ಬಿದ್ದಿರುತ್ತದೆ, ಆಳವೂ ಹತ್ತಿರ. ಅಲ್ಲಿ ನಡೆಯಿರಿ, ನೀರಿಗೆ ಇಳಿಯಬೇಡಿ.

ಅಪಾಯ ಇರುವುದು ದಿಬ್ಬದಲ್ಲಿ ದೋಣಿ ಬರಲು ಇರುವ ಕಂಡಿಯ ಹತ್ತಿರ. ತೆರೆ ದಿಬ್ಬದ ಮೇಲಿನಿಂದ ಒಳಗೆ ತಳ್ಳಿದ ನೀರೆಲ್ಲ ಆ ಕಂಡಿಯಿಂದಲೇ ಹೊರಗೆ ಹೋಗಬೇಕು. ಇಳಿತದ ಹೊತ್ತಿಗೆ ಮೊಗ್ರಾಲ್ ಅಳಿವೆಯಲ್ಲಿ ನೀರು ಹೇಗೆ ಎಳೆಯುತ್ತದೋ ಅದೇ ಎಳೆತ. ಕಯಾಕ್ ತೆಗೆದುಕೊಂಡರೂ ಕಂಡಿ ಎಲ್ಲಿದೆ ಎಂದು ಕೇಳಿ ಅದರಿಂದ ದೂರ ಇರಿ.

ಪ್ರವೇಶ ಪರವಾನಗಿ ಇಲ್ಲದೆ ಹಡಗೂ ಇಲ್ಲ, ವಿಮಾನವೂ ಇಲ್ಲ. ಎರಡು ತಿಂಗಳು ಮೊದಲೇ ಶುರು ಮಾಡಿ. ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' ಮೂಲಕ ಪ್ಯಾಕೇಜ್ ತೆಗೆದುಕೊಂಡರೆ ಪರವಾನಗಿಯ ಓಡಾಟ ಕಡಿಮೆ. ಚಿಪ್ಪು, ಹವಳದ ಒಂದು ಚೂರನ್ನೂ ಚೀಲಕ್ಕೆ ಹಾಕಬೇಡಿ, ಅಪರಾಧ. ಮಗಳಿಗೆ ಮೊದಲ ದಿನವೇ ಹೇಳಿಡಿ.

ಉಪ್ಪಳ_ತೆರೆ

ಸರ್ಫಿಂಗ್ ವಿಷಯ. ಲಕ್ಷದ್ವೀಪದಲ್ಲಿ ತೆರೆ ಇಲ್ಲ ಎಂದಲ್ಲ, ಇದೆ. ಆದರೆ ಅದು ಒಡೆಯುವುದು ದಿಬ್ಬದ ಅಂಚಿನಲ್ಲಿ, ಕೆಳಗೆ ಮೊಣಕಾಲು ಮುಳುಗದಷ್ಟು ನೀರು, ಅದರ ಕೆಳಗೆ ಗರಗಸದಂಥ ಹವಳ. ಕಲಿಯುವವನಿಗೆ ಅದು ಜಾಗವಲ್ಲ. ಮಾಲ್ಡೀವ್ಸ್‌ಗೂ ಇದೇ ಮಾತು. ತುಲುಸ್ದೂ ದ್ವೀಪದ 'ಕೋಕ್ಸ್', ಅದರ ಎದುರಿನ 'ಚಿಕನ್ಸ್' ಎರಡೂ ಹೆಸರಾಂತ ತೆರೆಗಳು, ಎರಡೂ ಹವಳದ ಮೇಲೆ. ಅಲ್ಲಿಯ ಸರ್ಫಿಂಗ್ ಕಾಲ ಮಾರ್ಚ್‌ನಿಂದ ಅಕ್ಟೋಬರ್. ಈಜಲು ಸೊಗಸಾದ ಡಿಸೆಂಬರ್–ಏಪ್ರಿಲ್ ಬೇರೆ. ಮೂರೂ ಒಟ್ಟಿಗೆ ಬೇಕೆನ್ನುವವರಿಗೆ ಮಾಲ್ಡೀವ್ಸ್ ಹೊಂದುವುದಿಲ್ಲ.

ನಿಮ್ಮ ಮೈದುನನಿಗೆ ಬೇಕಾದದ್ದು ಹೊಯಿಗೆಯ ತಳ, ಸೊಂಟದಿಂದ ಎದೆಯವರೆಗೆ ನೀರು, ಎರಡು–ಮೂರು ಅಡಿ ತೆರೆ. ಶ್ರೀಲಂಕಾದ ವೆಲಿಗಾಮ ಸರಿಯಾಗಿ ಅದೇ. ದೊಡ್ಡ ಕೊಲ್ಲಿ, ಹೊಯಿಗೆ ತಳ, ಬಾಡಿಗೆಗೆ ಬೋರ್ಡು ಕೊಡುವವರು ಸಾಲಾಗಿ ಇದ್ದಾರೆ. ಕಾಲ ನವೆಂಬರ್‌ನಿಂದ ಏಪ್ರಿಲ್.

ಬೋರ್ಡು ಮೆತ್ತನೆಯದ್ದು, ಎಂಟರಿಂದ ಒಂಬತ್ತು ಅಡಿ. ಚಂದ ಕಾಣುತ್ತದೆಂದು ಆರಡಿಯ ಫೈಬರ್ ಬೋರ್ಡು ಹಿಡಿದರೆ ಇಡೀ ವಾರ ಬೀಳುವುದೇ ಕೆಲಸ: ಅಷ್ಟು ಸಣ್ಣದು ಮೈಭಾರ ತೇಲಿಸುವುದಿಲ್ಲ, ತೆರೆ ಬರುವ ಮೊದಲು ಬೇಕಾದ ವೇಗವೂ ಕೈಬೀಸಿನಿಂದ ಹುಟ್ಟುವುದಿಲ್ಲ. ಕಾಲಿಗೆ ಕಟ್ಟುವ ಲೀಶ್ ಬೋರ್ಡಿನಷ್ಟೇ ಉದ್ದವಿರಲಿ. ಬಾಡಿಗೆಗೆ ಕೊಟ್ಟಾಗ ಆ ಹಗ್ಗ ಬೋರ್ಡಿಗೆ ಸೇರುವ ಗಂಟನ್ನೂ ಕಾಲಿನ ವೆಲ್ಕ್ರೋವನ್ನೂ ಜಗ್ಗಿ ನೋಡಿ, ಹೆಚ್ಚಾಗಿ ಬಿಟ್ಟುಕೊಳ್ಳುವುದು ಆ ಎರಡು ಕಡೆ. ಬೋರ್ಡಿನ ಅಡಿಯ ರೆಕ್ಕೆಗಳ ಸ್ಕ್ರೂ ಅಲುಗುತ್ತದಾ ನೋಡಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಕಡಲಿಗೆ ಇಳಿಯುವ ಮೊದಲು ಮೈಗೆ ತೆಂಗಿನೆಣ್ಣೆ ಹಚ್ಚಬೇಡಿ. ಫೈಬರ್ ಬೋರ್ಡಿನ ಮೇಲೆ ಹಿಡಿತಕ್ಕೆ ಉಜ್ಜುವ ಮೇಣ ತೆಂಗಿನೆಣ್ಣೆಗೆ ಕರಗಿಹೋಗುತ್ತದೆ, ಹಳೆ ಮೇಣ ತೆಗೆಯಲು ಅದನ್ನೇ ಬಳಸುತ್ತಾರೆ. ಎಣ್ಣೆ ಮೈಯಲ್ಲಿ ಮಲಗಿ ಎರಡು ಸಲ ಕೈಬೀಸಿದರೆ ಎದೆಯ ಜಾಗದಲ್ಲಿ ಮೇಣ ನುಣ್ಣಗಾಗಿ, ಏಳುವಾಗ ಕಾಲು ಜಾರುತ್ತದೆ. ಮೆತ್ತನೆ ಬೋರ್ಡಿನ ಮೇಲೂ ಜಾರುವುದು ತಪ್ಪುವುದಿಲ್ಲ. ಬಿಸಿಲಿಗೆ ಉದ್ದ ತೋಳಿನ ರ‍್ಯಾಶ್‌ಗಾರ್ಡ್ (ನೀರಿಗೆ ಇಳಿಯುವಾಗ ತೊಡುವ ಬಿಗಿ ಅಂಗಿ), ಮುಖಕ್ಕೆ ಝಿಂಕ್ ಆಕ್ಸೈಡ್ ಸಾಕು; ಹವಳಕ್ಕೂ ಅದೇ ಕಡಿಮೆ ಕೇಡು.

ಮುನ್ಸೂಚನೆ ನೋಡುವಾಗ ತೆರೆಯ ಎತ್ತರವನ್ನಷ್ಟೇ ನೋಡಿ ಮೋಸಹೋಗಬೇಡಿ, ಎರಡು ತೆರೆಗಳ ನಡುವಿನ ಸೆಕೆಂಡು ನೋಡಿ. 6–8 ಸೆಕೆಂಡು ಎಂದರೆ ಹತ್ತಿರದ ಗಾಳಿ ಎಬ್ಬಿಸಿದ ಗಜಿಬಿಜಿ ತೆರೆ. 14–16 ಸೆಕೆಂಡು ಎಂದರೆ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿಯಿಂದ ಬಂದದ್ದು. ಒಂದು ಮೀಟರ್ ಎಂದು ಬರೆದಿದ್ದರೂ ತೀರದಲ್ಲಿ ಅದಕ್ಕಿಂತ ಎತ್ತರಕ್ಕೆ ಎದ್ದು ಬಲವಾಗಿ ಒಡೆಯುತ್ತದೆ. ನಮ್ಮಲ್ಲಿ ಗಾಳಿಮಳೆ ಏನೂ ಇಲ್ಲದ ದಿನ ಕಡಲು ಅಂಗಳಕ್ಕೆ ಬರುವ 'ಕಳ್ಳಕ್ಕಡಲ್' ಇದೆಯಲ್ಲ, ಅದೂ ಇದೇ ದೂರದ ತೆರೆಯೇ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಆ ಎಚ್ಚರಿಕೆ ಕೊಟ್ಟ ದಿನ ಕಲಿಯುವವರು ಬೋರ್ಡು ಮುಟ್ಟಬಾರದು, ಮಕ್ಕಳನ್ನು ತೀರಕ್ಕೂ ಬಿಡಬಾರದು. ಉಳಿದ ದಿನ ಬೆಳಗ್ಗೆ ಆರರಿಂದ ಒಂಬತ್ತೂವರೆ ಒಳ್ಳೆಯ ಹೊತ್ತು, ನೆಲದಿಂದ ಕಡಲಿಗೆ ಬೀಸುವ ಗಾಳಿ ತೆರೆಯನ್ನು ನುಣುಪಾಗಿಡುತ್ತದೆ. ಮಧ್ಯಾಹ್ನದ ಕಡಲಗಾಳಿಗೆ ಎಲ್ಲ ಕೆದರಿಹೋಗುತ್ತದೆ.

ನೀಲೇಶ್ವರ_ನಾವೆ

ಅಂಡಮಾನ್ ಬಗ್ಗೆ ಚುಟುಕಾಗಿ. ಕ್ರಿಸ್ಮಸ್ ಹೊತ್ತಿಗೆ ಸ್ವರಾಜ್ ದ್ವೀಪದ (ಹಳೆ ಹೆಸರು ಹ್ಯಾವ್‌ಲಾಕ್) ರಾಧಾನಗರ ಈಜಲು, ಕೂರಲು ಎರಡಕ್ಕೂ ಉತ್ತಮ. ತೀರದ ಹಿಂದೆಯೇ ದೊಡ್ಡ ಮರಗಳ ನೆರಳು. ಆದರೆ ಅಲ್ಲಿ ಐದು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ನಮ್ಮ ಲೆಕ್ಕದಲ್ಲಿ ಸಂಜೆ ಹೊರಟರೆ ಕತ್ತಲೆ. ಶಹೀದ್ ದ್ವೀಪದ (ನೀಲ್) ಲಕ್ಷ್ಮಣಪುರ, ಭರತ್‌ಪುರಗಳಲ್ಲಿ ಇಳಿತವಾದರೆ ಹವಳದ ಕಲ್ಲು ಮೇಲೆ ಬರುತ್ತದೆ. ಉಬ್ಬರದ ವೇಳಾಪಟ್ಟಿ ನೋಡಿ, ಉಬ್ಬರ ತುಂಬುವ ಮೊದಲಿನ ಎರಡು ಗಂಟೆಯಲ್ಲಿ ಇಳಿಯಿರಿ. ಅಮಾವಾಸ್ಯೆ, ಹುಣ್ಣಿಮೆಗೆ ವ್ಯತ್ಯಾಸ ಇನ್ನೂ ಹೆಚ್ಚು.

ಉಪ್ಪುನೀರಿನ ಮೊಸಳೆ ಅಲ್ಲಿ ಮಾತಿಗಷ್ಟೇ ಇರುವುದಲ್ಲ. 2010ರಲ್ಲಿ ರಾಧಾನಗರದ ಮಗ್ಗುಲಿನ ನೀಲ್ಸ್ ಕೋವ್‌ನಲ್ಲಿ ಸ್ನಾರ್ಕ್ಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ತೊರೆ ಬಂದು ಸೇರುವ ಜಾಗ, ಕಾಂಡ್ಲಾ ಕಾಡಿನ ಅಂಚು, ಮುಂಜಾವ, ಮುಸ್ಸಂಜೆ – ಈ ನಾಲ್ಕನ್ನೂ ಬಿಡಿ. ಫಲಕ ಹಾಕಿದ ಕಡೆ ಮರುಮಾತಿಲ್ಲದೆ ಹಿಂದೆ ಬನ್ನಿ.

ಸರ್ಫಿಂಗ್ ಬೇಕಾದರೆ ಲಿಟಲ್ ಅಂಡಮಾನಿನ ಬಟ್ಲರ್ ಬೇ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ. ಶ್ರೀ ವಿಜಯಪುರಂನಿಂದ (ಹಳೆ ಹೆಸರು ಪೋರ್ಟ್ ಬ್ಲೇರ್) ಅಲ್ಲಿಯ ಹಟ್ ಬೇಗೆ ಹಡಗಿನಲ್ಲಿ ಆರೆಂಟು ಗಂಟೆ. ಅಲ್ಲಿಗೆ ಬೋರ್ಡು ನೀವೇ ಒಯ್ಯಬೇಕು. ಕುಟುಂಬ ಕಟ್ಟಿಕೊಂಡು ಹೋಗುವ ಜಾಗವಲ್ಲ.

ಅಡಿಕೆತೋಟ_ಬದಿಯಡ್ಕ

ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ, ಉಪಕಾರ ಆಯಿತು. ಕ್ರಿಸ್ಮಸ್ ಎಂದು ನಿಶ್ಚಯಿಸಿದೆವು. ಹಾಗಾದರೆ ಶ್ರೀಲಂಕಾದ ದಕ್ಷಿಣ ತೀರವೇ? ಮಗಳನ್ನು ವೆಲಿಗಾಮದಲ್ಲೇ ಇಳಿಸಬಹುದಾ?

ಶಿರಿಯ_ಅಳಿವೆ

ಹೌದು ಅಕ್ಕ, ಕ್ರಿಸ್ಮಸ್‌ಗೆ ಮೂರೂ ಹತ್ತಿರ ಹತ್ತಿರ ಸಿಗುವುದು ಅಲ್ಲೇ. ಮೈದುನ ಸರ್ಫಿಂಗ್ ಬಿಟ್ಟುಕೊಟ್ಟರೆ ಮಾತ್ರ ಅಗತ್ತಿ ಅದಕ್ಕಿಂತ ಮೇಲು ಎನ್ನುತ್ತೇನೆ.

ಮಗಳಿಗೆ ವೆಲಿಗಾಮ ಬೇಡ. ಅಲ್ಲಿ ಕಲಿಯುವವರ ಬೋರ್ಡುಗಳು ಎಲ್ಲೆಂದರಲ್ಲಿ ಹಾರುತ್ತವೆ, ಒಂಬತ್ತಡಿಯದ್ದು ತಲೆಗೆ ತಾಗಿದರೆ ಸಣ್ಣ ಪೆಟ್ಟಲ್ಲ. ವೆಲಿಗಾಮದಿಂದ ಮೂಡಕ್ಕೆ ಸುಮಾರು 15 ಕಿ.ಮೀ., ಮಾತರದ ಪೊಲ್ಹೇನ. ದಿಬ್ಬದ ಒಳಗೆ ಆಳವಿಲ್ಲದ ನೀರು, ನಮ್ಮ ಕಣ್ವತೀರ್ಥ ಶಾಂತವಿದ್ದ ದಿನದ ಹಾಗೆ. ಕಾಲಿಗೆ ರಬ್ಬರ್ ಶೂ ಬೇಕು, ಕಲ್ಲಿನಲ್ಲಿ ಕಡಲಮುಳ್ಳು ಇರುತ್ತದೆ. ಪಡುವಣಕ್ಕೆ 25 ಕಿ.ಮೀ. ಹೋದರೆ ಉನವಟುನ, ಅದೂ ಈಜುವ ತೀರವೇ. ವೆಲಿಗಾಮದಲ್ಲೇ ರೂಮು ಮಾಡಿ, ಕೆಳ ಅಂತಸ್ತು ಎಂದು ಕೇಳಿ ತೆಗೆದುಕೊಳ್ಳಿ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಕಡಲು ಕಾಣುವ ರೂಮೆಂದರೆ ಮಹಡಿ, ಕಡಿದಾದ ಮೆಟ್ಟಿಲು. ಅತ್ತೆಯವರ ಕುರ್ಚಿ ತೆಂಗಿನ ಮರದ ಅಡಿಯಲ್ಲಿ ಹಾಕಿಸಬೇಡಿ, ಹೋಟೆಲಿನವರು ಎಲ್ಲರೂ ಕಾಯಿ ಕೀಳಿಸಿರುವುದಿಲ್ಲ.

ಕೆರೆಯಲ್ಲಿ ಈಜುವ ಮಕ್ಕಳಿಗೆ ಕಡಲಲ್ಲಿ ಸೆಳೆತದ ಅಂದಾಜು ಇರುವುದಿಲ್ಲ. ಇಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ನೋಡಲು ಕಲಿಸಿ. ಎರಡು ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಬಣ್ಣ ಗಾಢವಾಗಿ, ನೊರೆ ಹೊರಕ್ಕೆ ಹೋಗುತ್ತಿದ್ದರೆ ಅದೇ ಸೆಳೆತ. ಗೊತ್ತಿಲ್ಲದವರು ಅಲ್ಲಿಗೇ ಇಳಿಯುತ್ತಾರೆ, ತೆರೆ ಇಲ್ಲವೆಂದು. ಸಿಕ್ಕಿಕೊಂಡರೆ ದಡದ ಕಡೆ ಈಜಬಾರದು. ತೇಲಬೇಕು, ಕೈ ಎತ್ತಬೇಕು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಪಟ್ಟಿ ದಾಟಿದ ಮೇಲೆ ನೊರೆಯ ಜೊತೆ ಒಳಗೆ ಬರಬೇಕು. ನೀವು ಕೈಚಾಚಿದರೆ ಸಿಗುವಷ್ಟು ದೂರದಲ್ಲೇ ಇರಿ, ಮೊಬೈಲು ಚೀಲದಲ್ಲಿರಲಿ.

ಉಪ್ಪಳ_ತೆರೆ

ಶ್ರೀಲಂಕಾ ಪ್ರವೇಶಕ್ಕೆ ಬೇಕಾದ ಅನುಮತಿ ಇಟಿಎಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ, ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ವಿಮಾನ ಕೊಚ್ಚಿಯಿಂದಲೂ ಇದೆ, ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮೈದುನನ ಚೀಲಕ್ಕೆ ಪೊವಿಡೋನ್ ಅಯೋಡಿನ್, ಸಣ್ಣ ಚಿಮಟಿ, ಮೃದು ಬ್ರಶ್ ಹಾಕಿ. ಹವಳಕ್ಕೆ ತರಚಿದ ಗಾಯ ನೋಡಲು ಸಣ್ಣದು, ಆದರೆ ಒಳಗೆ ಚೂರು ಉಳಿದರೆ ಮೂರನೇ ದಿನಕ್ಕೆ ಕೀವಾಗುತ್ತದೆ. ಅಂದೇ ಕುಡಿಯುವ ನೀರು, ಸಾಬೂನು ಹಾಕಿ ಉರಿದರೂ ಬ್ರಶ್‌ನಲ್ಲಿ ಉಜ್ಜಿ ತೊಳೆಯಬೇಕು, ಆಮೇಲೆ ಔಷಧ. ಗಾಯ ಒಣಗುವವರೆಗೆ ಕಡಲಿಗೆ ಇಳಿಯಬಾರದು. ಡಿಸೆಂಬರ್‌ವರೆಗೆ ಅವನು ಮುಲ್ಕಿಗೆ ಹೋಗುವುದನ್ನು ಬಿಡದಿರಲಿ; ಅಲ್ಲೇ ಒಡೆಯದ ತೆರೆ ಒಂದೆರಡು ಹಿಡಿದು ಹೋದರೆ ವೆಲಿಗಾಮದ ಮೊದಲ ದಿನವೇ ಒಡೆಯದ ತೆರೆಗೆ ಕಾಯುವವರ ಹಿಂದಿನ ಸಾಲಿಗೆ ಹೋಗಬಹುದು.