ಅಪ್‌ಡೇಟ್: ಶಿಲೀಂಧ್ರದಿಂದ ಬೆಳ್ಳಿಯ ನ್ಯಾನೊಕಣ
ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರದ ಸೋಸಿದ ದ್ರವಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿದಾಗ ಬರುವ ಕಂದು ಬಣ್ಣ ಬೆಳ್ಳಿಯ ನ್ಯಾನೊಕಣಗಳದ್ದೇ (ಮೀಟರಿನ ನೂರು ಕೋಟಿಯ ಒಂದು ಭಾಗವಾದ ನ್ಯಾನೊಮೀಟರ್‌ನಲ್ಲಿ ಅಳೆಯುವಷ್ಟು ಸಣ್ಣ ಕಣಗಳದ್ದೇ) ಹೌದೇ, ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಆ ಕಣಗಳೋ ಅಥವಾ ದ್ರಾವಣದಲ್ಲಿ ಉಳಿದುಹೋದ ಬೆಳ್ಳಿಯ ಅಯಾನುಗಳೋ (ವಿದ್ಯುದಾವೇಶವಿರುವ ಬೆಳ್ಳಿಯ ಪರಮಾಣುಗಳೋ) ಎಂದು ಹಿಂದೆ ಕೇಳಿದ್ದೆ. ನೀವು ಸೂಚಿಸಿದಂತೆ, ಶಿಲೀಂಧ್ರದ ದ್ರವವಿಲ್ಲದ ಸಿಲ್ವರ್ ನೈಟ್ರೇಟ್ ದ್ರಾವಣವನ್ನೂ ಜೊತೆಗೇ ಕತ್ತಲಲ್ಲಿ ಇರಿಸಿದೆ. ಅದು ತಿಳಿಯಾಗಿಯೇ ಉಳಿಯಿತು, ಇನ್ನೊಂದು ಮಾತ್ರ ತಿಳಿಹಳದಿಯಿಂದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ತೋರಿಸುವ ರೋಹಿತದಲ್ಲಿ, ಬೆಳ್ಳಿಯ ನ್ಯಾನೊಕಣಗಳ ಗುರುತಾದ 420 ನ್ಯಾನೊಮೀಟರ್ ಆಸುಪಾಸಿನ ಶಿಖರ ತೋರಿಸಿತು. (2003ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಇದೇ ಶಿಲೀಂಧ್ರದಿಂದ ಪಡೆದ ಕಣಗಳು 5ರಿಂದ 15 ನ್ಯಾನೊಮೀಟರ್ ಗಾತ್ರದವು; ನನ್ನ ಮಾದರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸರದಿ ಇನ್ನೂ ಬಂದಿಲ್ಲ.) ಉಳಿದ ಅಯಾನುಗಳು ಹೋಗಲೆಂದು ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ತಳಕ್ಕಿಳಿಸಿ) ತೊಳೆದ ಮೇಲೆ, ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿನ ಪ್ರತಿಬಂಧಕ ವಲಯ (ಬ್ಯಾಕ್ಟೀರಿಯಾ ಬೆಳೆಯದ ಜಾಗ) ಕಿರಿದಾಯಿತೇ ಹೊರತು ಮಾಯವಾಗಲಿಲ್ಲ. ಆದರೆ ಕಣಗಳೂ ನಿಧಾನವಾಗಿ ಅಯಾನುಗಳನ್ನು ಬಿಡುವುದರಿಂದ, ಎರಡನೆಯ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯಿತು ಎನ್ನಲಾರೆ.