ಡಿಸ್ನಿ ವೆಕೇಶನ್ ಕ್ಲಬ್ ಟೈಮ್‌ಶೇರನ್ನು ರಿಸೇಲ್‌ನಲ್ಲಿ ಕೊಳ್ಳಲು ಯಾವ ತಿಂಗಳು ಸರಿ?

ಪ್ರಶ್ನೆ (ಅಟ್ಲಾಂಟಾದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮಕ್ಕಳಿಗೆ ಈಗ ಆರು ಮತ್ತು ಒಂಬತ್ತು ವರ್ಷ. ಮೈಸೂರಿನಿಂದ ಅತ್ತೆ-ಮಾವ ಬರುವುದೂ ಶಾಲೆಗೆ ರಜೆ ಸಿಗುವುದೂ ಡಿಸೆಂಬರ್ ಕೊನೆಯಲ್ಲೇ ಆದ್ದರಿಂದ, ಆ ವಾರ ಒರ್ಲಾಂಡೊದಲ್ಲಿ ಕಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ಹೀಗಾಗಿ ಡಿಸ್ನಿ ವೆಕೇಶನ್ ಕ್ಲಬ್ಬಿನ ಟೈಮ್‌ಶೇರನ್ನು, ಅಂದರೆ ಡಿಸ್ನಿ ರೆಸಾರ್ಟ್‌ಗಳಲ್ಲಿ ಕೋಣೆ ಪಡೆಯಲು ಪ್ರತಿವರ್ಷ ಇಂತಿಷ್ಟು ಪಾಯಿಂಟ್‌ಗಳನ್ನು ಕೊಡುವ ದೀರ್ಘಾವಧಿಯ ಒಪ್ಪಂದವನ್ನು, ರಿಸೇಲ್‌ನಲ್ಲಿ, ಎಂದರೆ ಹಳೆಯ ಸದಸ್ಯರೊಬ್ಬರಿಂದ ಕೊಳ್ಳಬೇಕೆಂದಿದ್ದೇವೆ. ಜನವರಿಯಲ್ಲಿ ವಾರ್ಷಿಕ ಶುಲ್ಕದ ಬಿಲ್ಲು ಬಂದ ಮೇಲೆ ಮಾರುವವರು ಹೆಚ್ಚುತ್ತಾರೆ, ಅಲ್ಲಿಯವರೆಗೆ ಕಾಯಿರಿ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಕಾಯುವುದು ಸರಿಯೇ? 2042ಕ್ಕೆ ಮುಗಿಯುವ ಒಪ್ಪಂದಗಳು ಅಗ್ಗವಾಗಿ ಕಾಣುತ್ತಿವೆ, ಅವನ್ನು ಕೊಳ್ಳಬಹುದೇ?

ಉತ್ತರ (ಟ್ಯಾಂಪಾದಿಂದ)

ನಿಮ್ಮ ಪ್ರವಾಸ ಡಿಸೆಂಬರಿನದಾದರೆ ಜನವರಿಯವರೆಗೆ ಕಾಯಬೇಡಿ. ನೀವು ಯಾವ ರೆಸಾರ್ಟಿನ ಪಾಯಿಂಟ್ ಕೊಂಡಿರುತ್ತೀರೋ ಅಲ್ಲಿ ಹನ್ನೊಂದು ತಿಂಗಳು ಮೊದಲೇ ಕೋಣೆ ಕಾಯ್ದಿರಿಸಬಹುದು, ಉಳಿದ ಕಡೆ ಏಳು ತಿಂಗಳು ಮೊದಲು ಮಾತ್ರ. ಕ್ರಿಸ್ಮಸ್ ವಾರದ ಸ್ಟುಡಿಯೊಗಳು ಬೇಗ ತುಂಬಿಹೋಗುವುದರಿಂದ, ಡಿಸೆಂಬರ್ 22ರ ಕೋಣೆ ಬೇಕಿದ್ದವರು ಜನವರಿ 22ರ ಬೆಳಿಗ್ಗೆಯೇ ಪಾಯಿಂಟ್ ಕೈಯಲ್ಲಿಟ್ಟುಕೊಂಡು ಸಿದ್ಧರಾಗಿರಬೇಕು.

ರಿಸೇಲ್‌ನಲ್ಲಿ ಸಹಿ ಹಾಕಿದ ದಿನವೇ ಪಾಯಿಂಟ್ ಬರುವುದಿಲ್ಲ. ಒಪ್ಪಿದ ಬೆಲೆಗೆ ತಾನೇ ಕೊಂಡುಕೊಳ್ಳುವ ಮೊದಲ ಹಕ್ಕು ಡಿಸ್ನಿಗೆ ಇದೆ. ಅದನ್ನು ಬಿಟ್ಟುಕೊಟ್ಟ ಮೇಲೆಯೇ ಹಣ ಪಾವತಿ, ಕೌಂಟಿಯಲ್ಲಿ ಪತ್ರ ನೋಂದಣಿ, ಹೆಸರು ಬದಲಾವಣೆ ಎಲ್ಲವೂ ನಡೆಯಬೇಕು. ಇಷ್ಟಕ್ಕೆ ಎರಡು-ಮೂರು ತಿಂಗಳು ಹಿಡಿಸಿಕೊಳ್ಳಿ. ಅಂದರೆ ಅಕ್ಟೋಬರ್ ಆರಂಭದೊಳಗೆ ಬೆಲೆ ಕುದುರಬೇಕು. ಜನವರಿಯಲ್ಲಿ ಪಾಯಿಂಟಿಗೆ ಒಂದೆರಡು ಡಾಲರ್ ಉಳಿಸಿ ಏಪ್ರಿಲ್‌ನಲ್ಲಿ ಸದಸ್ಯರಾದರೆ, ಆ ವರ್ಷದ ಕ್ರಿಸ್ಮಸ್ ಕೈತಪ್ಪಿದಂತೆಯೇ ಸರಿ. ಮಕ್ಕಳು ಒಂಬತ್ತು ವರ್ಷದವರಾಗಿ ಮತ್ತೆ ಸಿಗುವುದಿಲ್ಲ.

ಬೆಲೆ ಹೋಲಿಸುವಾಗ ಪಾಯಿಂಟ್‌ಗಳ ಸ್ಥಿತಿಯನ್ನೂ ನೋಡಿ. ಕಳೆದ ವರ್ಷದ ಪಾಯಿಂಟ್‌ಗಳೂ ಉಳಿದಿರುವ ಒಪ್ಪಂದಕ್ಕೂ, ಮುಂದಿನ ವರ್ಷದವನ್ನೂ ಎರವಲು ಪಡೆದು ಖರ್ಚುಮಾಡಿ ಬರಿದಾದ ಒಪ್ಪಂದಕ್ಕೂ ಅಜಗಜಾಂತರ. ಈ ವರ್ಷದ ಶುಲ್ಕ ಯಾರ ಪಾಲಿಗೆ ಎಂಬುದು ಪತ್ರದಲ್ಲಿ ಸ್ಪಷ್ಟವಾಗಿರಲಿ.

ಉತ್ತರ (ನ್ಯೂಜೆರ್ಸಿಯಿಂದ)

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ: ಯೂಸ್ ಇಯರ್, ಅಂದರೆ ಪ್ರತಿವರ್ಷ ಹೊಸ ಪಾಯಿಂಟ್‌ಗಳು ಬರುವ ತಿಂಗಳು. ನಾನು ಬೆಲೆ ನೋಡಿ ಫೆಬ್ರವರಿಯದನ್ನು ಕೊಂಡೆ. ಉಳಿದ ಪಾಯಿಂಟ್‌ಗಳನ್ನು ಮುಂದಿನ ವರ್ಷಕ್ಕೆ ಸಾಗಿಸಲು ಮೊದಲ ಎಂಟು ತಿಂಗಳು ಮಾತ್ರ ಅವಕಾಶ. ನನಗೆ ಅದು ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಡಿಸೆಂಬರಿನಲ್ಲಿ ಅಮ್ಮನಿಗೆ ವೀಸಾ ಸಿಗದೆ ಪ್ರವಾಸ ರದ್ದಾದಾಗ, ಹಿಂತಿರುಗಿ ಬಂದ ಪಾಯಿಂಟ್‌ಗಳನ್ನು ಜನವರಿ 31ರೊಳಗೆ ಬಳಸಲಾಗದೆ ಕಳೆದುಕೊಂಡೆ. ಡಿಸೆಂಬರ್ ಯೂಸ್ ಇಯರ್ ಇದ್ದಿದ್ದರೆ ಅವನ್ನು ಸಾಗಿಸಲು ಮುಂದಿನ ಜುಲೈ 31ರವರೆಗೆ ಸಮಯವಿರುತ್ತಿತ್ತು. ಹಿರಿಯರನ್ನು ಊರಿನಿಂದ ಕರೆಸಿಕೊಳ್ಳುವ ನಿಮ್ಮಂಥವರಿಗೆ ಇದು ಬೆಲೆಗಿಂತ ದೊಡ್ಡ ವಿಷಯ. ದಯವಿಟ್ಟು ಅಕ್ಟೋಬರ್ ಅಥವಾ ಡಿಸೆಂಬರಿನದೇ ಹುಡುಕಿ.

ಉತ್ತರ (ಡಲ್ಲಾಸ್‌ನಿಂದ)

2042ರ ಬಗ್ಗೆ: ಬೋರ್ಡ್‌ವಾಕ್, ಬೀಚ್ ಕ್ಲಬ್ ಎರಡೂ ರೆಸಾರ್ಟ್‌ಗಳ ಒಪ್ಪಂದಗಳು ಆ ವರ್ಷದ ಜನವರಿ 31ಕ್ಕೆ ಮುಗಿಯುತ್ತವೆ, ಸಾರಟೋಗ ಸ್ಪ್ರಿಂಗ್ಸ್ 2054ರವರೆಗೆ, ಅನಿಮಲ್ ಕಿಂಗ್‌ಡಮ್ 2057ರವರೆಗೆ ಇವೆ. ಬೆಲೆಯನ್ನು ಉಳಿದ ವರ್ಷಗಳಿಂದ ಭಾಗಿಸಿ, ಶುಲ್ಕ ಕೂಡಿಸಿ ನೋಡಿ. ಮಕ್ಕಳು ಕಾಲೇಜಿಗೆ ಹೋಗುವವರೆಗೆ ಸಾಕೆನ್ನುವುದಾದರೆ 2042 ಕೆಟ್ಟದ್ದಲ್ಲ, ಆದರೆ ಮುಂದೆ ಮಾರುವ ಆಸೆ ಇಟ್ಟುಕೊಳ್ಳಬೇಡಿ. ಇನ್ನೊಂದು ಮಾತು: 2019ರ ಜನವರಿ 19ರಿಂದೀಚೆಗೆ ಇವನ್ನು ರಿಸೇಲ್‌ನಲ್ಲಿ ಕೊಂಡವರು ಆ ಪಾಯಿಂಟ್‌ಗಳಿಂದ ಡಿಸ್ನಿಯ ರಿವಿಯೆರಾ ರೆಸಾರ್ಟಿನಲ್ಲಿ ಕೋಣೆ ಪಡೆಯುವಂತಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಯೂಸ್ ಇಯರ್ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ. ಪಟ್ಟಿಯಲ್ಲಿದ್ದ ಎರಡು ಫೆಬ್ರವರಿ ಒಪ್ಪಂದಗಳನ್ನು ಈಗಷ್ಟೇ ಕೈಬಿಟ್ಟೆವು. ಸಾರಟೋಗ ಸ್ಪ್ರಿಂಗ್ಸ್‌ನ ಡಿಸೆಂಬರ್ ಒಪ್ಪಂದವೊಂದಕ್ಕೆ ಈ ವಾರವೇ ಬೆಲೆ ಹೇಳಿ ಕಳುಹಿಸುತ್ತೇವೆ.